ಜಾಗ ಸರ್ಕಾರದ್ದು, ರಸ್ತೆನೂ ಸರ್ಕಾರದ್ದು, ಆದ್ರೂ ದಿಲ್ಲಿ ಪರ್ಮಿಶನ್ ಯಾಕೆ?

ಪ್ರಶ್ನೆ: ನಮ್ಮೂರ ಗುಡ್ಡ ಪಹಣಿಲಿ ಸರ್ಕಾರಿ ಅಂತಾನೇ ಇದೆ, ರಸ್ತೆ ಮಾಡ್ಸೋದು ಪಂಚಾಯ್ತಿ. ಆದ್ರೂ ಫಾರೆಸ್ಟ್‌ನವ್ರು ಬಂದು ಜೆಸಿಬಿ ನಿಲ್ಲಿಸ್ತಾರೆ, ಯಾಕೆ?

ಉತ್ತರ: ಅವ್ರ ಕೈಲಿರೋದು 1980ರ ಅರಣ್ಯ ಸಂರಕ್ಷಣಾ ಕಾಯ್ದೆ. ಅದಕ್ಕಿಂತ ಮುಂಚೆ ರಾಜ್ಯ ಸರ್ಕಾರ ಮನಸ್ಸು ಮಾಡಿದ್ರೆ ಸಾಕಿತ್ತು, ಕಾಡು ಗಣಿಗೋ ಡ್ಯಾಮಿಗೋ ಹೋಗ್ತಿತ್ತು, 1964ರಲ್ಲಿ ಲಿಂಗನಮಕ್ಕಿ ಮುಗಿಯೋ ಹೊತ್ತಿಗೆ ಇಂಥ ಕಾನೂನೇ ಇರ್ಲಿಲ್ಲ. ಈಗ ಅರಣ್ಯ ಜಾಗ ಬೇರೆ ಕೆಲ್ಸಕ್ಕೆ ಬೇಕಂದ್ರೆ ಮೊದ್ಲು ಕೇಂದ್ರದ ಒಪ್ಪಿಗೆ ತಗೋಬೇಕು. ಮಾಡ್ಲೇಬೇಡಿ ಅಂತ ಕಾಯ್ದೆ ಹೇಳಲ್ಲ, ಕೇಳಿ ಮಾಡಿ ಅನ್ನುತ್ತೆ.

ಪಹಣಿಲಿ ಅರಣ್ಯ ಅಂತ ಇಲ್ವಲ್ಲ ಅಂತೀರಾ? 1996ರ ಡಿಸೆಂಬರ್ 12ಕ್ಕೆ ಗೋದಾವರ್ಮನ್ ಕೇಸಲ್ಲಿ ಸುಪ್ರೀಂ ಕೋರ್ಟ್, ಮಾಲೀಕರು ಯಾರೇ ಇರ್ಲಿ, ನಿಘಂಟಿನ ಅರ್ಥದಲ್ಲಿ ಕಾಡು ಅನ್ನಿಸಿಕೊಳ್ಳೋ ಜಾಗಕ್ಕೂ ಕಾಯ್ದೆ ಅನ್ವಯ ಅಂತು. ಡೀಮ್ಡ್ ಫಾರೆಸ್ಟ್, ಅಂದ್ರೆ ದಾಖಲೆಯಲ್ಲಿ ಅರಣ್ಯ ಅಂತಿಲ್ದಿದ್ರೂ ಅರಣ್ಯ ಅಂತ ಲೆಕ್ಕಕ್ಕೆ ಹಿಡಿಯೋ ಜಾಗದ ತಕರಾರು ಶುರುವಾಗಿದ್ದೇ ಅಲ್ಲಿಂದ. ಕರ್ನಾಟಕದ ಹಳೇ ಲಿಸ್ಟಲ್ಲಿ ಸುಮಾರು 9.94 ಲಕ್ಷ ಹೆಕ್ಟೇರ್ ಇತ್ತು, ಶಾಲೆ, ಮನೆ, ಸಾಗುವಳಿ ಜಮೀನೂ ಸೇರ್ಕೊಂಡಿದೆ ಅಂತ ಜನ ವರ್ಷಗಟ್ಲೆ ಓಡಾಡಿದ್ಮೇಲೆ 2022ರಲ್ಲಿ ಅದು ಸುಮಾರು 3.30 ಲಕ್ಷಕ್ಕೆ ಇಳೀತು. ಹಾಗಾಗಿ ನಿಮ್ಮ ಸರ್ವೆ ನಂಬರ್ ಈಗ್ಲೂ ಲಿಸ್ಟಲ್ಲಿದ್ಯಾ ಅಂತ ಮೊದ್ಲು ನೋಡ್ಕೊಳ್ಳಿ.

2023ರ ತಿದ್ದುಪಡಿ ಬಂದು ಕಾಯ್ದೆ ನೋಟಿಫೈ ಆದ ಇಲ್ಲಾ ದಾಖಲೆಯಲ್ಲಿ ಅರಣ್ಯ ಅಂತಿರೋ ಜಾಗಕ್ಕೆ ಮಾತ್ರ ಅಂತ ಆಯ್ತು, ಆದ್ರೆ 2024ರ ಫೆಬ್ರವರಿಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟು ಸದ್ಯಕ್ಕೆ 1996ರ ಅರ್ಥಾನೇ ನಡೀಲಿ ಅಂದಿದೆ. ನನಗಂತೂ ಇದು ಸಮಾಧಾನದ ವಿಷ್ಯ, ಯಾಕಂದ್ರೆ ದಾಖಲೆ ಸರಿಯಿಲ್ಲ ಅನ್ನೋ ಕಾರಣಕ್ಕೆ ಒಳ್ಳೇ ಕಾನು (ಮಲೆನಾಡಿನ ದಟ್ಟ ಕಾಡು) ಹೋಗ್ಬಾರ್ದು.

ಕಾಡು ಕಡಿದ್ರೆ ಬದಲಿ ಜಾಗ ಕೊಟ್ಟು ಗಿಡ ನೆಡ್ಬೇಕು, ದುಡ್ಡೂ ಕಟ್ಬೇಕು ಅನ್ನೋ ನಿಯಮ ಇದೆ ನಿಜ. ಆದ್ರೆ ಉತ್ತರ ಕನ್ನಡದ ಸಿದ್ದಾಪುರದ ಕತ್ತಲೆಕಾನಿಗೆ ಹೋಗಿ ರಾಮಪತ್ರೆ ಜಡ್ಡಿ (ರಾಮಪತ್ರೆ ಮರಗಳ ಜೌಗು ಕಾಡು) ನೋಡಿ, ಕೆಸರು ನೀರಿಂದ ಬೇರುಗಳು ಮಂಡಿ ಮಡಚಿದ ಹಾಗೆ ಮೇಲೆದ್ದಿರ್ತವೆ, ಬೇಸಿಗೇಲೂ ನೆಲ ಒದ್ದೆ. ಇದಕ್ಕೆ ಬದಲಿ ಅಂತ ಇನ್ನೆಲ್ಲೋ ಅಕೇಶಿಯಾ ಸಾಲು ನೆಟ್ರೆ ಲೆಕ್ಕ ಸರಿಹೋಗುತ್ತೆ ಅಷ್ಟೇ, ಆ ನೀರು ಎಲ್ಲಿಂದ ಬರ್ಬೇಕು?

ಇನ್ನು ನಿಮ್ಮ ರಸ್ತೆ. ಪ್ರತಿ ಸಣ್ಣ ಕೆಲ್ಸಕ್ಕೂ ದಿಲ್ಲಿಗೆ ಹೋಗ್ಬೇಕಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ 3(2) ಕಲಂ ಪ್ರಕಾರ ಕಾಡಂಚಿನ ಊರಿಗೆ ಬೇಕಾದ ರಸ್ತೆ, ಶಾಲೆ, ಅಂಗನವಾಡಿ, ಕರೆಂಟ್ ಲೈನ್, ನೀರಿನ ಪೈಪು ಹೀಗೆ 13 ಥರದ ಸರ್ಕಾರಿ ಕೆಲ್ಸಕ್ಕೆ ಒಂದು ಹೆಕ್ಟೇರ್ ಒಳಗಿನ ಅರಣ್ಯ ಜಾಗ ಕೊಡ್ಬಹುದು, ಹೆಕ್ಟೇರಿಗೆ 75ಕ್ಕಿಂತ ಜಾಸ್ತಿ ಮರ ಕಡಿಯೋ ಹಾಗಿಲ್ಲ. ಗ್ರಾಮಸಭೆ ಶಿಫಾರಸು ಮಾಡ್ಲೇಬೇಕು. ಎಷ್ಟೋ ಊರಲ್ಲಿ ಈ ಕಲಂ ಇರೋದೇ ಗೊತ್ತಿಲ್ಲ, ಫಾರೆಸ್ಟ್‌ನವ್ರ ಜೊತೆ ಜಗಳ ಮಾಡೋದ್ರಲ್ಲೇ ವರ್ಷ ಕಳೀತಾರೆ. ಜೆಸಿಬಿ ತರೋಕೆ ಮುಂಚೆ ಗ್ರಾಮಸಭೆ ಕರೆಸಿ ಠರಾವು ಮಾಡ್ಸಿ, ಎಷ್ಟು ಜಾಗ, ಎಷ್ಟು ಮರ ಅಂತ ಅದ್ರಲ್ಲಿ ಬರೆಸಿ, ಆಮೇಲೆ ಅರ್ಜಿ ಜೊತೆ ಇಟ್ಟು ಅರಣ್ಯ ಇಲಾಖೆಗೆ ಕೊಡಿ, ಸ್ವೀಕೃತಿ ಇಸ್ಕೊಳ್ಳೋದು ಮರೀಬೇಡಿ.