ಬಳ್ಳಾರಿಯ ಗುಡ್ಡಗಳಲ್ಲಿ ಬೂದಿದಿಬ್ಬ, ಹುರುಳಿ, ಕೊರಲೆ

ಹಂಪಿ ಬಳಿಯ ನಿಂಬಾಪುರದ ಬೂದಿದಿಬ್ಬವನ್ನು ಜನ ವಾಲಿಯ ಚಿತಾಭಸ್ಮ ಎನ್ನುತ್ತಾರೆ. ಬಳ್ಳಾರಿ, ರಾಯಚೂರು, ಸುರಪುರದ ಕಡೆ ಇಂಥವು ಹತ್ತಾರಿವೆ. ಕೆಲವದರಲ್ಲಿ ಬೂದಿ ಕರಗಿ ಗಾಜುಗಟ್ಟಿರುವುದರಿಂದ 19ನೇ ಶತಮಾನದಲ್ಲಿ ಜ್ವಾಲಾಮುಖಿ, ಕಬ್ಬಿಣದ ಕಿಟ್ಟ ಎಂಬ ಊಹೆಗಳೂ ಹುಟ್ಟಿದವು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದನ್ನು ನವಶಿಲಾಯುಗದ, ಅಂದರೆ ಉಜ್ಜಿದ ಕಲ್ಲಿನ ಕೊಡಲಿಗಳ ಕಾಲದ, ದನಗಾಹಿಗಳು ಸುಟ್ಟ ಸಗಣಿ ಎಂದರು. 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನ ಬೂದಿದಿಬ್ಬವನ್ನು ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ ಅಗೆದಾಗ ದೊಡ್ಡಿಯ ಗೂಟದ ಗುಳಿಗಳೂ ಗೊರಸಿನ ಗುರುತುಗಳೂ ಸಿಕ್ಕಿ ವಾದ ಹೆಚ್ಚುಕಡಿಮೆ ಮುಗಿಯಿತು. ಗಾಜಿಗೂ ಕಾರಣ ಸರಳ: ಹುಲ್ಲಿನಲ್ಲಿ ಸಿಲಿಕಾ ಇದೆ, ರಾಶಿ ಸಗಣಿ ಜೋರಾಗಿ ಉರಿದರೆ ಅದು ಕರಗುತ್ತದೆ.

ಈ ಗದ್ದಲದಲ್ಲಿ ಆ ಜನರ ಬೇಸಾಯ ಮರೆತೇಹೋಗಿತ್ತು. ಬಳ್ಳಾರಿ ಬಳಿಯ ನವಶಿಲಾಯುಗದ ನೆಲೆ ಸಂಗನಕಲ್ಲನ್ನು 1940ರ ದಶಕದಲ್ಲಿ ಪುರಾತತ್ವಜ್ಞ ಬಿ. ಸುಬ್ಬರಾವ್ ಅಗೆದರು, 1960ರ ದಶಕದಲ್ಲಿ ಮತ್ತೊಮ್ಮೆ ಅಗೆತವಾಯಿತು. ಆಗ ಕಣ್ಣು ಮಡಕೆ, ಕೊಡಲಿಗಳ ಮೇಲೆಯೇ. ಕಾಳು ಹುಡುಕಲು ಮಣ್ಣು ತೇಲಿಸಬೇಕು. ಪ್ರತಿ ಪದರದ ಮಣ್ಣನ್ನು ಅಳೆದು ನೀರಿಗೆ ಸುರಿದು ಮೆಲ್ಲಗೆ ಕಲಕಿದರೆ ಇದ್ದಿಲಾದ ಕಾಳು ಮೇಲೆ ಬರುತ್ತದೆ. ಅದನ್ನು ಅರ್ಧ ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಜರಡಿಗೆ ಬಸಿದು ನೆರಳಲ್ಲಿ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಸೀಳುತ್ತದೆ. ಜರಡಿಯ ಕಣ್ಣು ದೊಡ್ಡದಾದರೆ ಕಿರುಧಾನ್ಯ ಸೋರಿ ಬೇಳೆಕಾಳಷ್ಟೇ ಉಳಿಯುತ್ತದೆ, ಊಟದ ಲೆಕ್ಕವೇ ತಲೆಕೆಳಗಾಗುತ್ತದೆ. ಹೀಗೆ ತೇಲಿಸಿದಾಗ ಸಂಗನಕಲ್ಲು ಮೊದಲಾದ ಕಡೆ ಹುರುಳಿ, ಹೆಸರು, ಕೊರಲೆ ಎಂಬ ಕಿರುಧಾನ್ಯ ಮುಖ್ಯವಾಗಿ ಕಂಡವು. ಎಲ್ಲವೂ ಮಳೆಗಾಲದ ಬೆಳೆಗಳು. ಚಳಿಗಾಲದಲ್ಲಿ ನೀರು ಬೇಡುವ ಗೋಧಿ, ಬಾರ್ಲಿ ಆಮೇಲೆ ಬಂದವು, ಅದೂ ಕೊಂಚವೇ.

ಹೊಲಗಳೆಲ್ಲಿ? ಅದೇ ಕಷ್ಟದ ಪ್ರಶ್ನೆ. ಗುಡ್ಡದ ಇಳಿಜಾರಿನ ಮಣ್ಣು ಮಳೆಗೆ ತಪ್ಪಲಿಗೆ ಜಾರಿದೆ. ಎರೆಭೂಮಿ ಬೇಸಿಗೆಯಲ್ಲಿ ಬಿರಿದು ಮೇಲಿನದು ಒಳಗೆ ಬೀಳುವುದರಿಂದ ಪದರ ಉಳಿಯುವುದಿಲ್ಲ. ಕಲ್ಲಿನ ಒಡ್ಡು ಕಂಡೊಡನೆ ನವಶಿಲಾಯುಗದ್ದು ಎನ್ನುವವರನ್ನು ನಂಬಬೇಡಿ: ಕಲ್ಲಿಗೆ ಕಾಲ ಹೇಳಲು ಅದರಡಿ ಹೂತ ಮಣ್ಣನ್ನು ಪರೀಕ್ಷಿಸಲೇಬೇಕು.

ಬಂಡೆಗಳಲ್ಲಿ ಮಾತ್ರ ಗುರುತು ನಿಚ್ಚಳ. ಅಗಲವಾದ, ಆಳವಿಲ್ಲದ ಗುಳಿ ಸಾಮಾನ್ಯವಾಗಿ ಕಾಳು ಅರೆದದ್ದು. ಇಕ್ಕಟ್ಟಾದ ಉದ್ದ ಗೀರು ಕೊಡಲಿ ಮಸೆದದ್ದು. ಸಂಗನಕಲ್ಲಿನ ಪಕ್ಕದ ಕುಪ್ಪಗಲ್ಲಿನ ಹಿರೇಗುಡ್ಡದಲ್ಲಿ ಡಾಲರೈಟ್ ಎಂಬ ಗಟ್ಟಿ ಕಪ್ಪು ಕಲ್ಲನ್ನು ಚಕ್ಕೆ ಎಬ್ಬಿಸಿ, ಕುಟ್ಟಿ, ಉಜ್ಜಿ ಕೊಡಲಿ ಮಾಡುತ್ತಿದ್ದರು. ಅದೇ ಕಲ್ಲಿನ ಮೇಲೆ ಗೂಳಿಗಳನ್ನೂ ಕೊರೆದಿದ್ದಾರೆ. ಈ ಗುಡ್ಡಕ್ಕೆ ಕಲ್ಲುಕ್ವಾರಿಗಳ ಕಾಟ ತಪ್ಪಿಲ್ಲ. ಬೂದಿದಿಬ್ಬಗಳ ಬೂದಿ ಹೊಲಗಳಿಗೆ ಗೊಬ್ಬರವಾಗಿ ಸಾಗಿದೆ. ಅಗೆದು ಒಯ್ದಲ್ಲಿ ಯಾವ ಪದರ ಯಾವ ಕಾಲದ್ದೆಂದು ಹೇಳುವ ದಾರಿ ಇಲ್ಲ.