ನೀಲಿ ಮದ್ದಿನ ಹಿಂದಿನ ಕಥೆ: ಬೋರ್ಡೋ ದ್ರಾಕ್ಷಿ ತೋಟಗಳು ಮತ್ತು ಮಣ್ಣಲ್ಲಿ ಉಳಿದ ತಾಮ್ರ

1882ರ ಅಕ್ಟೋಬರ್. ಫ್ರಾನ್ಸಿನ ಬೋರ್ಡೋ ಪ್ರದೇಶದ ಮೆಡಾಕ್‌ನಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರ್ ಮಿಲ್ಲಾರ್ಡೆ ದ್ರಾಕ್ಷಿ ತೋಟಗಳ ನಡುವೆ ಹೋಗುತ್ತಿದ್ದರು. ಬೂಜು ರೋಗ ಬಡಿದು ಬಳ್ಳಿಗಳು ಎಲೆ ಉದುರಿಸಿ ನಿಂತಿದ್ದವು. ದಾರಿ ಪಕ್ಕದ ಸಾಲುಗಳಲ್ಲಿ ಮಾತ್ರ ಎಲೆ ಹಾಗೇ ಇತ್ತು. ಹತ್ತಿರ ಹೋಗಿ ನೋಡಿದರೆ ಅದರ ಮೇಲೆ ನೀಲಿ ಪುಡಿ. ದಾರಿಹೋಕರು ಹಣ್ಣು ಕೀಳದಿರಲಿ ಅಂತ ತೋಟದವರು ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಕಲಸಿ ಎರಚುತ್ತಿದ್ದರಂತೆ. ನೋಡಿದವರು ವಿಷ ಅಂದುಕೊಂಡು ದೂರ ಇರುತ್ತಿದ್ದರು.

ಮಿಲ್ಲಾರ್ಡೆ ಅದನ್ನು ಅಲ್ಲಿಗೇ ಬಿಡಲಿಲ್ಲ. ರಸಾಯನಶಾಸ್ತ್ರಜ್ಞ ಗಯೋನ್ ಜೊತೆ ಸೇರಿ ಅಳತೆ ಮಾಡಿ, ಸಿಂಪಡಿಸಿ, ಮತ್ತೆ ಮತ್ತೆ ನೋಡಿದರು. 1885ರಲ್ಲಿ ಫಲಿತಾಂಶ ಪ್ರಕಟಿಸಿದರು. ನಮ್ಮ ಮಲೆನಾಡಿನಲ್ಲಿ ಮಳೆಗಾಲ ಶುರುವಾಗುತ್ತಲೇ ಅಡಿಕೆ ಗೊನೆಗೆ ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದು ಹೀಗೆ.

ಆದರೆ ಬೂಜು ರೋಗ ಆ ಊರಿನದ್ದಲ್ಲ. ಅದು ಬಂದ ದಾರಿ ತಿಳಿಯಬೇಕಾದರೆ ಇನ್ನೂ ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕು.

1850ರ ದಶಕದಲ್ಲಿ ಯುರೋಪಿನ ದ್ರಾಕ್ಷಿಯನ್ನು ಬೂದಿ ರೋಗ ಎಂಬ ಬೇರೊಂದು ರೋಗ ಕಾಡಿತು. ಮೂಲ ಉತ್ತರ ಅಮೆರಿಕ. ಗಂಧಕದ ಪುಡಿ ಎರಚಿ ಅದನ್ನು ಹಿಡಿತಕ್ಕೆ ತಂದರು. ಅಮೆರಿಕದ ಬಳ್ಳಿಗಳು ಈ ರೋಗ ತಡೆದುಕೊಳ್ಳುತ್ತವೆ ಅಂತ ಕೆಲವರು ಅವನ್ನೇ ಹಡಗಿನಲ್ಲಿ ತರಿಸಿದರು. ಆ ಬಳ್ಳಿಗಳ ಬೇರಿನ ಜೊತೆ ಫಿಲಾಕ್ಸೆರಾ ಎಂಬ ಹೇನಿನಂಥ ಕೀಟವೂ ಬಂತು. ದಕ್ಷಿಣ ಫ್ರಾನ್ಸಿನಲ್ಲಿ ತೋಟಗಳು ಸುಮ್ನೆ ಒಣಗತೊಡಗಿದವು. ಸತ್ತ ಬಳ್ಳಿ ಕಿತ್ತು ನೋಡಿದರೆ ಬೇರಿನಲ್ಲಿ ಏನೂ ಇಲ್ಲ. 1868ರಲ್ಲಿ ಮಾಂಟ್‌ಪೆಲಿಯೆಯ ಸಸ್ಯಶಾಸ್ತ್ರಜ್ಞ ಪ್ಲಾನ್ಶೋನ್ ಮತ್ತು ಜೊತೆಗಿದ್ದವರು ಪಕ್ಕದ ಹಸಿರು ಬಳ್ಳಿಯನ್ನೂ ಕಿತ್ತರು. ಅದರ ಬೇರಿನ ತುಂಬ ಹಳದಿ ಹುಳ. ಬಳ್ಳಿ ಸಾಯುತ್ತಲೇ ಅವು ಜೀವ ಇರುವ ಇನ್ನೊಂದು ಬೇರಿಗೆ ಹೋಗಿಬಿಡುತ್ತಿದ್ದವು. 1875ರಲ್ಲಿ ಸುಮಾರು 840 ಕೋಟಿ ಲೀಟರ್ ಇದ್ದ ಫ್ರಾನ್ಸಿನ ವೈನ್ ಉತ್ಪಾದನೆ 1889ರ ಹೊತ್ತಿಗೆ ಸುಮಾರು 230 ಕೋಟಿಗೆ ಇಳಿಯಿತು. ಎಷ್ಟು ಮನೆಗಳು ಬೀದಿಗೆ ಬಂದಿರಬೇಕು!

ಪರಿಹಾರವೂ ಅಮೆರಿಕದಿಂದಲೇ ಬರಬೇಕಾಯಿತು. ಅಲ್ಲಿನ ಕಾಡು ದ್ರಾಕ್ಷಿಯ ಬೇರಿಗೆ ಈ ಹುಳ ಹೆಚ್ಚೇನೂ ಮಾಡುವುದಿಲ್ಲ. ಹಾಗಾಗಿ ಕೆಳಗೆ ಅಮೆರಿಕದ ಬೇರು, ಮೇಲೆ ಫ್ರೆಂಚ್ ತಳಿಯ ಕಸಿ. ವಿಜಯಪುರದ ದ್ರಾಕ್ಷಿ ಬೆಳೆಗಾರರು ಬಳಸುವ ಡಾಗ್‌ರಿಜ್ ಬೇರುಸಸಿಯೂ ಟೆಕ್ಸಾಸಿನ ಕಾಡು ದ್ರಾಕ್ಷಿಯೇ. ಆದರೆ ಬೇರಿಗಾಗಿ ಬಳ್ಳಿ ತರಿಸಿದ್ದ ಆ ಕಾಲದಲ್ಲೇ, 1878ರಲ್ಲಿ, ಬೂಜು ರೋಗವೂ ಫ್ರಾನ್ಸಿನಲ್ಲಿ ಕಾಣಿಸಿಕೊಂಡಿತು. ಒಂದು ರೋಗಕ್ಕೆ ಮದ್ದು ಹುಡುಕಲು ಹೋಗಿ ಮುಂದಿನದನ್ನು ಕರೆತಂದರು. ಈ ಇತಿಹಾಸದಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ.

ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅಡಿಕೆಯ ಕೊಳೆರೋಗಕ್ಕೆ ಇದೇ ದ್ರಾವಣವನ್ನು ಪ್ರಯೋಗಿಸಿದರು. ಕೊಳೆರೋಗದ ಜೀವಿ ಮತ್ತು ದ್ರಾಕ್ಷಿಯ ಬೂಜಿನ ಜೀವಿ ಒಂದೇ ಬಳಗದವು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಕತ್ತಿಯನ್ನು ಅದರಲ್ಲಿ ಅದ್ದಿ ತೆಗೆದಾಗ ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ ಬೇಕು ಅಂತ ಅರ್ಥ. ಅಡಿಕೆ ತೋಟದವರಿಗೆ ಇದನ್ನೆಲ್ಲ ಹೇಳಿಕೊಡಬೇಕಿಲ್ಲ ಬಿಡಿ.

ಆ ಒಂದು ಕೆಜಿ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರ ಇರುತ್ತದೆ. ಮಳೆ ಬಂದರೆ ಅದು ಎಲೆಯಿಂದ ತೊಳೆದು ನೆಲಕ್ಕಿಳಿಯುತ್ತದೆ. ಮತ್ತೆ ಹೊಡೆಯಬೇಕು. ತಾಮ್ರ ಕೊಳೆಯುವ ವಸ್ತುವಲ್ಲ, ಮೇಲ್ಮಣ್ಣಲ್ಲೇ ಉಳಿಯುತ್ತದೆ. ಬೋರ್ಡೋದ ಹಳೇ ತೋಟಗಳಲ್ಲಿ ತಲೆಮಾರುಗಳ ತಾಮ್ರ ಕೂತಿದೆ. ಎರೆಹುಳುವಿಗೂ ಮಣ್ಣಿನ ಸಣ್ಣ ಜೀವಿಗಳಿಗೂ ಅದು ಒಳ್ಳೆಯದಲ್ಲ. 2019ರಿಂದ ಐರೋಪ್ಯ ಒಕ್ಕೂಟ ಮಿತಿ ಹಾಕಿದೆ: ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕೆಜಿ ತಾಮ್ರ. ವರ್ಷಕ್ಕೆ ಸರಾಸರಿ ನಾಲ್ಕು ಕೆಜಿ.

ಪೆಟ್ಟು ಬೀಳುವುದು ಸಾವಯವ ಬೆಳೆಗಾರರಿಗೆ. ಬೇರೆಯವರಿಗೆ ಎಲೆಯೊಳಗೆ ಇಳಿಯುವ ರಾಸಾಯನಿಕಗಳಿವೆ, ಇವರಿಗೆ ತಾಮ್ರ ಬಿಟ್ಟರೆ ಗಟ್ಟಿ ಮದ್ದಿಲ್ಲ. 2018ರ ವಸಂತದಲ್ಲಿ ಬೋರ್ಡೋದಲ್ಲಿ ಮಳೆ ಬಿಡದೆ ಸುರಿಯಿತು. ಜೈವಿಕ ಪದ್ಧತಿಯ ಹೆಸರಾಂತ ಎಸ್ಟೇಟ್ ಶಾತೋ ಪಾಲ್ಮೆಯಲ್ಲಿ ಆ ವರ್ಷ ಹೆಕ್ಟೇರಿಗೆ ಸಿಕ್ಕಿದ್ದು ಬರೀ 1,100 ಲೀಟರ್ ವೈನ್. 2023ರಲ್ಲಿ ಮತ್ತೆ ಬೂಜು ರೋಗ ಬೋರ್ಡೋ ತುಂಬ ಹರಡಿತು.

ಅದರಲ್ಲೂ ಸೋತದ್ದು ಮೆರ್ಲೋ. ಬೋರ್ಡೋದ ಕೆಂಪು ತಳಿಗಳಲ್ಲಿ ಇದೇ ಜಾಸ್ತಿ. ಡೊರ್ಡೋನ್ ನದಿಯ ಬಲದಂಡೆಯ ಸೇಂತ್ ಎಮಿಲಿಯೋನ್, ಪೊಮೆರೋಲ್‌ಗಳ ಜೇಡಿಮಣ್ಣು ಇದಕ್ಕೆ ಒಗ್ಗುತ್ತದೆ. ಜಿರೋಂಡ್ ನದೀಮುಖದ ಎಡದಂಡೆಯ ಮೆಡಾಕ್‌ನ ಗರಸು ನೆಲ ಕ್ಯಾಬರ್ನೆ ಸೊವಿನ್ಯೋನ್ ತಳಿಯದು. ಮೆರ್ಲೋ ಬೇಗ ಹಣ್ಣಾಗುತ್ತದೆ. ಹಿಂದೆ ಅದೇ ಅದರ ಗುಣವಾಗಿತ್ತು. ಈಗ ಬಿಸಿಲು ಏರಿ ಸಕ್ಕರೆ ಬೇಗ ತುಂಬಿಕೊಳ್ಳುತ್ತದೆ, ಹುಳಿ ಇಳಿಯುತ್ತದೆ, ಮದ್ಯಾಂಶ ಏರುತ್ತದೆ.

2021ರಲ್ಲಿ ಬೋರ್ಡೋ ಹೆಸರಿನ ವೈನಿಗೆ ಆರು ಹೊಸ ತಳಿಗಳಿಗೆ ಒಪ್ಪಿಗೆ ಸಿಕ್ಕಿತು. ಪೋರ್ಚುಗಲ್‌ನ ತೂರಿಗಾ ನಾಸಿಯೊನಾಲ್, ಬೋರ್ಡೋ ತಾನೇ ಮರೆತಿದ್ದ ಹಳೇ ತಳಿ ಕಾಸ್ತೆ, ಇಂಥವು. ಕಾಸ್ತೆಗೆ ಬೂಜು ರೋಗ ಅಷ್ಟಾಗಿ ತಗಲುವುದಿಲ್ಲ. ಆದರೆ ಒಬ್ಬ ಬೆಳೆಗಾರ ತೋಟದ ಶೇ 5ರಷ್ಟು ಜಾಗದಲ್ಲಿ ಮಾತ್ರ ಇವನ್ನು ಬೆಳೆಯಬಹುದು, ಮಿಶ್ರಣದಲ್ಲಿ ಶೇ 10 ಮೀರುವಂತಿಲ್ಲ. ಹೆಸರು ಕೆಡಬಾರದೆಂಬ ಕಾಳಜಿ ಅರ್ಥವಾಗುತ್ತದೆ. ಆದರೂ ಈ ಮಿತಿ ತೀರಾ ಬಿಗಿಯಾಯಿತು ಅನ್ನುವುದು ನನ್ನ ಅಭಿಪ್ರಾಯ. ನೆಟ್ಟ ಬಳ್ಳಿ ಕೈಗೆ ಬರಲು ಮೂರು ನಾಲ್ಕು ವರ್ಷ ಬೇಕು, ಅದರ ಗುಣ ತಿಳಿಯಲು ಇನ್ನೂ ಹೆಚ್ಚು. ಇವತ್ತು ಅಂಜಿ ಅಂಜಿ ನೆಟ್ಟರೆ ಅಷ್ಟು ವರ್ಷವೂ ಉಳಿದ ಶೇ 95ರಷ್ಟು ಬಳ್ಳಿಗಳಿಗೆ ನೀಲಿ ಮದ್ದು ಬೀಳುತ್ತಲೇ ಇರುತ್ತದೆ.