ಪಂಚಾಂಗದ ಮೇಲಿನ ಹೆಬ್ಬೆಟ್ಟು

ಶಾಯಿ ಪ್ಯಾಡಿಗೆ ಹೆಬ್ಬೆರಳು ಒತ್ತಿ, ಬಿಳಿ ಹಾಳೆಯ ಮೇಲೆ ಊರಿ ನೋಡಿ. ಉತ್ತ ಹೊಲದ ಸಾಲುಗಳ ಹಾಗೆ ಗೆರೆಗಳು ಕಾಣುತ್ತವೆ. ಒಂದು ಗೆರೆ ನಡುವೆಯೇ ನಿಂತುಬಿಡುತ್ತದೆ, ಪಕ್ಕದ್ದು ಕವಲೊಡೆಯುತ್ತದೆ. ತಾಯಿಯ ಹೊಟ್ಟೆಯಲ್ಲೇ ಮೂಡುವ ಈ ಗೆರೆಗಳು ಸಾಯುವವರೆಗೂ ಹಾಗೇ ಇರುತ್ತವೆ. ಅವಳಿಗಳಲ್ಲೂ ಒಂದೇ ಥರ ಇರುವುದಿಲ್ಲ. ಓದು ಬಾರದವರನ್ನು ನಾವು 'ಹೆಬ್ಬೆಟ್ಟು' ಅಂತ ಹೀಗಳೆಯುತ್ತೇವಲ್ಲ, ನನಗದು ಸರಿ ಅನ್ನಿಸುವುದಿಲ್ಲ. ಸಹಿಗಿಂತ ಗಟ್ಟಿಯಾದ ಗುರುತು ಅದು.

1897ರಲ್ಲಿ ಬಂಗಾಳದ ಜಲ್‌ಪಾಯ್‌ಗುರಿ ಜಿಲ್ಲೆಯ ಒಂದು ಟೀ ತೋಟದಲ್ಲಿ ಮ್ಯಾನೇಜರನ ಕೊಲೆಯಾಯಿತು. ಕತ್ತು ಕೊಯ್ದಿದ್ದರು, ಹಣ ಹೋಗಿತ್ತು. ಅವನ ಕಾಗದಪತ್ರದ ಪೆಟ್ಟಿಗೆಯಲ್ಲಿ ಒಂದು ಬಂಗಾಳಿ ಪಂಚಾಂಗವಿತ್ತು. ಅದರ ಹೊದಿಕೆಯ ಮೇಲೆ ಕಂದು ಬಣ್ಣದ ಕಲೆ. ಭೂತಗನ್ನಡಿಯಲ್ಲಿ ನೋಡಿದರೆ ಬಲಗೈ ಹೆಬ್ಬೆರಳಿನ ಗೆರೆಗಳು!

ಕಲೆ ರಕ್ತದ್ದೇ ಎಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಆದರೆ ಮನುಷ್ಯನದೋ ಪ್ರಾಣಿಯದೋ ಎಂದು ಹೇಳುವ ಪರೀಕ್ಷೆ ಆಗಿನ್ನೂ ಇರಲಿಲ್ಲ. ಅದನ್ನು ಜರ್ಮನಿಯ ಪಾಲ್ ಊಲೆನ್‌ಹೂತ್ ಕಂಡುಹಿಡಿದದ್ದು 1901ರಲ್ಲಿ.

ಬಂಗಾಳದ ಪೊಲೀಸರ ಹತ್ತಿರ ಹಳೇ ಕೈದಿಗಳ ಬೆರಳಚ್ಚು ಇತ್ತು. ಸಾವಿರಾರು ಚೀಟಿಗಳ ರಾಶಿಯಲ್ಲಿ ಬೇಕಾದದ್ದು ಸಿಗುವುದು ಹೇಗೆ? ಬಂಗಾಳ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿಯ ಕೈಕೆಳಗಿದ್ದ ಅಜೀಜುಲ್ ಹಕ್ ಇದಕ್ಕೊಂದು ಲೆಕ್ಕ ಕಟ್ಟಿದ್ದರು. ಹತ್ತು ಬೆರಳನ್ನು ಐದು ಜೋಡಿ ಮಾಡುವುದು. ಮೊದಲ ಜೋಡಿಯ ಬೆರಳಲ್ಲಿ ಸುಳಿ ಇದ್ದರೆ 16 ಅಂಕ, ಆಮೇಲಿನವಕ್ಕೆ 8, 4, 2, 1. ಸುಳಿ ಇಲ್ಲದಿದ್ದರೆ ಸೊನ್ನೆ. ಪ್ರತಿ ಜೋಡಿಯ ಒಂದು ಬೆರಳಿನ ಅಂಕಗಳನ್ನು ಒಂದು ಕಡೆ, ಇನ್ನೊಂದು ಬೆರಳಿನವನ್ನು ಮತ್ತೊಂದು ಕಡೆ ಕೂಡಿಸುವುದು. ಒಂದೊಂದು ಕಡೆಗೂ 0ಯಿಂದ 31ರವರೆಗೆ 32 ಮೊತ್ತ ಸಾಧ್ಯ. ಹಾಗಾಗಿ ಯಾರ ಚೀಟಿಯೇ ಆಗಲಿ, 32×32, ಅಂದರೆ 1024 ಗೂಡುಗಳಲ್ಲಿ ಒಂದಕ್ಕೆ ಸೇರುತ್ತದೆ. ಹೇಮಚಂದ್ರ ಬೋಸ್ ಕೂಡ ಈ ಕೆಲಸದಲ್ಲಿ ದುಡಿದರು. ಆದರೂ ಜಗತ್ತು ಇದನ್ನು 'ಹೆನ್ರಿ ಪದ್ಧತಿ' ಎಂದೇ ಕರೆಯಿತು. ಇದು ಅನ್ಯಾಯ ಅಲ್ವಾ?

ಆದರೆ ಪಂಚಾಂಗದ ಮೇಲೆ ಸರಿಯಾಗಿ ಮೂಡಿದ್ದು ಒಂದೇ ಬೆರಳು. ಈ ಲೆಕ್ಕಕ್ಕೆ ಹತ್ತೂ ಬೇಕು. ಹಾಗಾಗಿ ಮೊದಲು ಯಾರ ಮೇಲಾದರೂ ಅನುಮಾನ ಬರಬೇಕಿತ್ತು. ಹಿಂದೆ ಆ ಮ್ಯಾನೇಜರನ ಮನೆಯಲ್ಲೇ ಕೆಲಸಕ್ಕಿದ್ದು, ಕಳ್ಳತನ ಮಾಡಿ ಜೈಲಿಗೆ ಹೋಗಿದ್ದ ಕಾಂಗಾಲಿ ಚರಣನ ಚೀಟಿ ತೆಗೆಸಿದರು. ಬಲ ಹೆಬ್ಬೆರಳು ತಾಳೆಯಾಯಿತು.

ಕೋರ್ಟು ಅವನಿಗೆ ಕಳ್ಳತನಕ್ಕೆ ಶಿಕ್ಷೆ ಕೊಟ್ಟಿತು, ಕೊಲೆಗೆ ಕೊಡಲಿಲ್ಲ. ಅವನು ಪೆಟ್ಟಿಗೆಗೆ ಕೈ ಹಾಕಿದ್ದ ಎಂದು ಗುರುತು ಹೇಳುತ್ತಿತ್ತು. ಕತ್ತು ಕೊಯ್ದವನೂ ಅವನೇ ಎಂದು ಅದು ಹೇಳುತ್ತಿರಲಿಲ್ಲ, ನೋಡಿದವರೂ ಇರಲಿಲ್ಲ. ಸತ್ತವನು ತೋಟದ ಮ್ಯಾನೇಜರ್, ಕಟಕಟೆಯಲ್ಲಿದ್ದವನು ಬಡ ಆಳು. ಅಂಥ ಹೊತ್ತಿನಲ್ಲೂ ಸಾಕ್ಷ್ಯ ಹೇಳಿದ್ದಕ್ಕಿಂತ ಒಂದು ಹೆಜ್ಜೆಯೂ ಮುಂದೆ ಹೋಗದ ಆ ತೀರ್ಪು ನನಗೆ ಬೆರಳಚ್ಚಿನಷ್ಟೇ ದೊಡ್ಡದಾಗಿ ಕಾಣುತ್ತದೆ. ಮುಂದೆ 1899ರಲ್ಲಿ ಭಾರತದ ಸಾಕ್ಷ್ಯ ಕಾಯ್ದೆಗೆ ಬೆರಳಚ್ಚು ತಜ್ಞರ ಅಭಿಪ್ರಾಯವೂ ಸೇರಿತು.